ಬೋಳು ಟೈರಿಗೆ ಕರಿ ಪಾಲಿಶ್

ನನ್ನ ಪಿಕಪ್‌ನಲ್ಲಿ ಒಮ್ಮೆ ಇಡೀ ಗುಡ್ಡವನ್ನೇ ಹೇರಿಕೊಂಡು ಹೋಗಿದ್ದೇನೆ. ನಂಬದಿದ್ದರೆ ಕಲ್ಲು ಕ್ವಾರಿಗೆ ಬನ್ನಿ, ಗುಡ್ಡವಿದ್ದ ಜಾಗದಲ್ಲಿ ಈಗ ಹಳ್ಳವಿದೆ.

ಅಂಥ ಗಾಡಿಯ ಟೈರುಗಳು ಮಾತ್ರ ನನ್ನ ಮಾವನ ತಲೆಯಂತೆ ನುಣ್ಣಗಾಗಿದ್ದವು. ನಾನೇನು ಕಮ್ಮಿ? ವಾರಕ್ಕೊಮ್ಮೆ ಕರಿ ಪಾಲಿಶ್ ಬಳಿದು ಮಿರಮಿರ ಮಿಂಚಿಸುತ್ತಿದ್ದೆ. ಸ್ಟ್ಯಾಂಡಿನವರೆಲ್ಲ ಹೊಸವೆಂದೇ ತಿಳಿದಿದ್ದರು. ಕಲ್ಲು ಇಳಿಸಲು ದಿನವೂ ಪಕ್ಕದಲ್ಲಿ ಕೂತು ಬರುವ ಹೆಂಡತಿ ಮಾತ್ರ, ಇಳಿಜಾರು ಬಂತೆಂದರೆ ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತಿದ್ದಳು.

ಕಳೆದ ಮಳೆಗಾಲ, ಕ್ವಾರಿಯ ಇಳಿಜಾರಿನಲ್ಲಿ ಭರ್ತಿ ಲೋಡಿನ ಗಾಡಿ ಜಾರಿತು. ಒಂದು ಕಾಲನ್ನು ಹೊರಗೆ ಊರಿ ನಿಲ್ಲಿಸಿಬಿಟ್ಟೆ. ಹೆಂಡತಿ ಇಳಿದು ಟೈರಿನ ಮೇಲೆ ಅಂಗೈ ಸವರಿದಳು. ಕೈಗೆ ಮಸಿ ಹತ್ತಿತು.

"ಟೈರು ಬದಲಾಯ್ಸೋವರೆಗೂ ನಾನು ಈ ಗಾಡಿ ಹತ್ತಲ್ಲ" ಎಂದಳು.

ಹೀಗಾಗಿ ಗಾಳಿಯಕ್ಕನ ಅಂಗಡಿಗೆ ಹೋದೆವು. ನಾಲ್ಕು ಊರಿನ ಚಕ್ರಗಳಿಗೆ ಗಾಳಿ ತುಂಬಿ ತುಂಬಿ ಆಕೆಗೆ ಈ ಹೆಸರು. ಭಾರಿ ಟೈರನ್ನು ಹಸುಗೂಸಿನಂತೆ ಎತ್ತುತ್ತಾಳೆ. ಬೆರಳಲ್ಲಿ ತಟ್ಟಿದರೆ ಸಾಕು, ಅದರ ಜಾತಕ ಹೇಳುತ್ತಾಳೆ. ಒಂದೇ ಒಂದು ಟೈರು ಸಾಕು, ಅಗಲವಾಗಿ ಚೆಂದವಾಗಿರುವುದು ಬೇಕು ಎಂದೆ. ಕಾರಿನದಾದರೂ ನಡೆಯುತ್ತದೆ ಎಂದೂ ಸೇರಿಸಿದೆ.

"ಚೆಂದ ನೋಡೋಕೆ ಇದೇನು ಮದುವೆ ಗಂಡಾ ತಮ್ಮಾ? ನೀನು ಹೊರೋದು ಕಲ್ಲು" ಎಂದು ನಕ್ಕಳು ಅಕ್ಕ.

ಆಮೇಲೆ ನನ್ನ ಟೈರಿನ ಪಾಲಿಶ್ ಒರೆಸಿ, ಹಲ್ಲುಗಳ ನಡುವೆ ಅಳಿದುಳಿದ ಸಾಲಿನೊಳಗೆ ಅಡ್ಡಲಾಗಿದ್ದ ಸಣ್ಣ ದಿಬ್ಬ ತೋರಿಸಿದಳು. ಟೈರಿನ ಹಲ್ಲು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತಂತೆ. ನನ್ನದು ಮುಗಿದು ತಿಥಿಯೂ ಆಗಿತ್ತು. ಹೊಸ ಟೈರಿನ ಪಕ್ಕದ ಮೈಮೇಲೆ ಅದು ಹೊರಬಲ್ಲ ಭಾರದ ಸಂಖ್ಯೆ ಇರುತ್ತದೆ, ಅದು ಗಾಡಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು ಎಂದಳು. ತಯಾರಾದ ವಾರ, ವರ್ಷವನ್ನೂ ಅಲ್ಲೇ ನಾಲ್ಕು ಅಂಕಿಗಳಲ್ಲಿ ಓದಿಸಿದಳು. ಅಂಗಡಿಯಲ್ಲಿ ಮಲಗಿ ಮುದಿಯಾದ ಟೈರು ಬೇಡವೆಂದಳು. ಕೆಸರಿನ ದಾರಿಗೆ ಆಳವಾದ ಹಲ್ಲು, ನಡುವೆ ಅಗಲದ ಸಾಲು, ಗಟ್ಟಿ ಪಕ್ಕ ಇರಬೇಕು. ಡಾಂಬರಿನ ಮೇಲೆ ಸ್ವಲ್ಪ ಗುಂಯ್‌ಗುಟ್ಟುತ್ತದೆ, ಸಹಿಸಿಕೊಳ್ಳಬೇಕು.

"ಒಂದು ಸಾಕಾಗಲ್ವಾ ಅಕ್ಕಾ?"

"ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕ್ಕೊಂಡು ಕ್ವಾರಿ ಇಳೀತೀಯಾ?"

ನಾಲ್ಕೂ ಬದಲಾದವು. ಮರುದಿನ ಅದೇ ಕೆಸರು, ಅದೇ ಲೋಡು. ಗಾಡಿ ಹಲ್ಲಿಯಂತೆ ನೆಲ ಕಚ್ಚಿ ಇಳಿಯಿತು. ಹೆಂಡತಿ ಬಾಗಿಲು ಬಿಟ್ಟು ತಲೆಗೂದಲು ಸರಿಮಾಡಿಕೊಂಡಳು. ಗಾಳಿಯಕ್ಕನ ಮಾತಿನಂತೆ ಈಗಲೂ ನಿಧಾನವಾಗಿಯೇ ಇಳಿಯುತ್ತೇನೆ, ಚಕ್ರ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಹಿಂದೆ ನಿಂತು ಓದುತ್ತಿದ್ದ ಹೆಂಡತಿ ಕೇಳಿದಳು: "ರೀ, ಅವತ್ತು ಗಾಡಿ ನಿಲ್ಸಿದ್ದು ನಿಮ್ಮ ಕಾಲಾ?"

ಸಿಕ್ಕಿಬಿದ್ದೆ. ಅಣ್ಣಂದಿರೇ, ಅಕ್ಕಂದಿರೇ, ನಿಜ ಹೇಳುತ್ತೇನೆ. ದಾರಿಯ ಬದಿಯಲ್ಲಿ ಯಾರೋ ಮರಳು ಸುರಿದಿದ್ದರು, ಗಾಡಿ ಅದಕ್ಕೆ ನುಗ್ಗಿ ನಿಂತಿತು, ಅದರಾಚೆ ಕ್ವಾರಿಯ ಹೊಂಡ. ಎಲ್ಲ ಇಳಿಜಾರಿನಲ್ಲೂ ಮರಳಿನ ರಾಶಿ ಇರುವುದಿಲ್ಲ. ಇವತ್ತೇ ಬಗ್ಗಿ ನಿಮ್ಮ ಟೈರಿನ ಸಾಲು ನೋಡಿ. ಅವತ್ತು ಸ್ಟೀರಿಂಗ್ ಎಳೆದು ಗಾಡಿಯನ್ನು ಮರಳಿನತ್ತ ತಿರುಗಿಸಿದ್ದು ನನ್ನ ಹೆಂಡತಿಯ ಕೈ. ನಾನು ಕಣ್ಣು ಮುಚ್ಚಿಕೊಂಡು ಅಮ್ಮಾ ಎಂದು ಕೂಗುತ್ತಿದ್ದೆ.