ಹೆಪ್ಪುಮಣ್ಣು

ನಮ್ಮತ್ತೆಯ ನರ್ಸರಿಯಲ್ಲಿ ಬಾವಿಯ ಪಕ್ಕಕ್ಕೆ ಒಂದು ಹಳೆಯ ಸಸಿಮಡಿ ಇದೆ. ಮಾವ ತಮ್ಮ ಕೈಯಾರೆ ಮಾಡಿದ ಮೊದಲ ಮಡಿ ಅದು. ಅವರು ತೀರಿಕೊಂಡ ಮೇಲೆ ಅತ್ತೆ ಅಲ್ಲಿ ಮಾರುವ ಸಸಿ ಹಾಕಲಿಲ್ಲ. ಮಾವನಿಗೆ ಇಷ್ಟವೆಂದು ಬದನೆಯನ್ನು ಮಾತ್ರ, ಪ್ರತಿ ವರ್ಷವೂ ಅದೇ ಜಾಗದಲ್ಲಿ ಬೆಳೆಸಿದರು. ಹೊಸ ಮಡಿ ಎಲ್ಲೇ ಮಾಡಿದರೂ ಇಲ್ಲಿಂದ ಒಂದು ಬುಟ್ಟಿ ಮಣ್ಣು ಒಯ್ದು ಬೆರೆಸುವುದು ಅವರ ಪದ್ಧತಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದಕ್ಕೆ ನಮ್ಮ ಮನೆಯಲ್ಲಿ ಹೆಪ್ಪುಮಣ್ಣು ಎಂದೇ ಹೆಸರು.

ನಾವು ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಬೆಳೆಸಲು ಶುರುಮಾಡಿದ ಮೇಲೆ ಹೆಪ್ಪಿನ ಕೆಲಸ ನಿಂತೇ ಹೋಗಿತ್ತು. ಆಮೇಲೆ ನನ್ನ ನಾದಿನಿ ಹೊಲಿಗೆ ಕಾರ್ಖಾನೆ ಬಿಟ್ಟು, ಬಾಡಿಗೆ ಜಾಗದಲ್ಲಿ ತನ್ನದೇ ನರ್ಸರಿ ಹಾಕಿದಳು. ಟ್ರೇ ಕೊಳ್ಳುವ ಶಕ್ತಿ ಇಲ್ಲದೆ ನೆಲದಲ್ಲೇ ಮಡಿ ಮಾಡಿದಳು. ಅತ್ತೆಯ ಸಂಭ್ರಮ ನೋಡಬೇಕಿತ್ತು. ಮಣ್ಣಿನ ಬುಟ್ಟಿಯನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದರು.

ಟೊಮೆಟೊ ಸಸಿ ಚೆನ್ನಾಗಿಯೇ ಹುಟ್ಟಿತು. ಗೇಣುದ್ದ ಬೆಳೆಯುವ ಹೊತ್ತಿಗೆ ಮಧ್ಯಾಹ್ನ ತಲೆ ಬಾಗಿಸಿ ಸಂಜೆಗೆ ಎದ್ದು ನಿಲ್ಲತೊಡಗಿತು. ಕೊನೆಗೆ ಸಂಜೆಯೂ ಏಳಲಿಲ್ಲ. ಸುದ್ದಿ ಕೇಳಿದ ಅತ್ತೆ ಒಂದೇ ಮಾತು ಹೇಳಿದರು: "ಹೆಪ್ಪು ಸಾಲಲಿಲ್ಲ."

ಅದರ ಮಾರನೆಯ ಬೆಳಿಗ್ಗೆ ನಾದಿನಿಯ ಫೋನು ಬಂತು. "ಅತ್ತಿಗೆ, ಅಮ್ಮ ಮತ್ತೆ ಮಣ್ಣು ತರ್ತೀನಿ ಅಂತಿದ್ದಾರೆ. ಹೇಗಾದ್ರೂ ತಡೀರಿ."

"ಯಾಕೆ? ಏನಾಯ್ತು?"

ಬಾಡಿದ ಸಸಿಗಳನ್ನು ಅವಳು ಬೆಳೆರೋಗ ನೋಡುವ ಕಚೇರಿಗೆ ಒಯ್ದಿದ್ದಳಂತೆ. ಅಲ್ಲಿನ ಮೇಡಂ ಭೂತಗನ್ನಡಿಯಲ್ಲಿ ಬೇರು ತೋರಿಸಿದರಂತೆ. ಮೈತುಂಬ ಗಂಟು. ಗಂಟಿನೊಳಗೆ ಕಣ್ಣಿಗೆ ಕಾಣದ ಹುಳ. ಅದು ಬೇರನ್ನು ಕೊರೆದು ಒಳಗೆ ಹೋಗುತ್ತದೆ. ಕೊರೆದ ತೂತಿನಲ್ಲಿ ಬಾಡುರೋಗ ನುಗ್ಗುತ್ತದೆ. ಕಳ್ಳ ಕನ್ನ ಹಾಕಿ ಹೋದ ಮನೆಗೆ ನಾಯಿ ನುಗ್ಗಿದ ಹಾಗೆ.

"ಆ ಹುಳ ತಾನಾಗಿ ವರ್ಷಕ್ಕೆ ಒಂದು ಮಾರೂ ನಡೆಯಲ್ಲವಂತೆ, ಅತ್ತಿಗೆ. ಯಾರಾದ್ರೂ ಹೊತ್ಕೊಂಡು ಬರಬೇಕು. ಹೆಪ್ಪು ಬೆರೆಸದ ನಮ್ಮ ಜಾಗದ ಮಣ್ಣನ್ನೂ ನೋಡಿದ್ರು. ಅದರಲ್ಲಿ ಹುಳ ಇಲ್ಲ. ಇನ್ನೊಂದು ಸಲ ಸಸಿ ಸತ್ರೆ ಗಿರಾಕಿ ಈ ಕಡೆ ತಲೆ ಹಾಕಲ್ಲ, ನಾನು ಮತ್ತೆ ಕಾರ್ಖಾನೆಗೇ ಹೋಗಬೇಕು. ಆದ್ರೆ ಅಮ್ಮನ ಮುಂದೆ ಹೆಂಗೆ ಹೇಳ್ಲಿ? ಅಪ್ಪನ ಮಣ್ಣದು."

ಅವಳಿಗೆ ಬಾಯಿ ಬರಲಿಲ್ಲ, ನನ್ನ ಮೇಲೆ ಹಾಕಿದಳು. ಸೊಸೆ ಹೇಳಿದರೆ ಹೇಗೂ ಕೆಟ್ಟವಳೇ ತಾನೆ!

ಬಾವಿಯ ಹತ್ತಿರ ಹೋದರೆ ಅತ್ತೆ ಆಗಲೇ ಹಳೆಯ ಮಡಿಯಲ್ಲಿ ಗುದ್ದಲಿ ಹಿಡಿದಿದ್ದರು. ಈ ಸಲ ಎರಡು ಬುಟ್ಟಿ.

"ಬಿಸಿಲು ಜಾಸ್ತಿ ಇದೆ ಅತ್ತೆ, ಇವತ್ತು ಬೇಡ."

"ಬಿಸಿಲು ನನಗೇನು ಹೊಸದೇ?"

"ಬಸ್ಸಲ್ಲಿ ಜಾಗ ಸಿಗಲ್ಲ."

"ನಿಂತ್ಕೊಂಡು ಹೋಗ್ತೀನಿ."

"ಸೊಂಟ ಹಿಡ್ಕೊಂಡ್ರೆ?"

ಅವರು ಗುದ್ದಲಿ ಊರಿ ನನ್ನ ಮುಖ ನೋಡಿದರು. "ನಿನಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೇ. ಮದುವೆಯಾಗಿ ಬಂದಾಗ್ಲೂ ಬರ್ತಿರ್ಲಿಲ್ಲ. ಏನು, ಬಾಯಿಬಿಡು."

ನಾನು ಬಗ್ಗಿ ಒಂದು ಬದನೆ ಗಿಡ ಕಿತ್ತೆ. ಮಣ್ಣು ಕೊಡವಿ, ಬಾವಿಯ ತೊಟ್ಟಿಯಲ್ಲಿ ಬೇರು ಅದ್ದಿ ತೊಳೆದು ಅವರ ಕೈಗೆ ಕೊಟ್ಟೆ. ಬೇರು ಬೇರಿನ ಹಾಗಿರಲಿಲ್ಲ. ಮುದುಕಿಯ ಬೆರಳಿನಂತೆ ಗಂಟುಗಂಟಾಗಿತ್ತು. ನಾದಿನಿ ಹೇಳಿದ್ದನ್ನೆಲ್ಲ ಆಮೇಲೆ ಹೇಳಿದೆ.

ಅತ್ತೆ ಒಂದೊಂದೇ ಗಂಟನ್ನು ಉಗುರಿನಿಂದ ಒತ್ತಿ ನೋಡಿದರು. "ಈ ಗಿಡ ಸಾಯ್ಲಿಲ್ವಲ್ಲ?"

"ಬಲಿತ ಗಿಡ, ಹೇಗೋ ತಡ್ಕೊಳ್ಳುತ್ತೆ. ದೊಡ್ಡವರಿಗೆ ಬರೋ ನೆಗಡಿ ಎಳೆಗೂಸಿಗೆ ತಗುಲಿದ್ರೆ?"

"ಅಂದ್ರೆ ಇದನ್ನ ನಾನೇ ತೊಡೆ ಮೇಲೆ ಕೂರಿಸ್ಕೊಂಡು ಹೋಗಿ ಕೊಟ್ಟೆ."

ಅವರು ಬೇರನ್ನು ಕೆಳಗಿಟ್ಟರು.

"ನಿಮ್ಮ ಮಾವ ಕೆಟ್ಟ ಮಣ್ಣು ಮಾಡಿದೋರಲ್ಲ."

"ಅವರಿದ್ದಾಗ ಇದು ಇರ್ಲಿಲ್ಲ ಅತ್ತೆ. ಒಂದೇ ಕಡೆ ವರ್ಷಾನುಗಟ್ಟಲೆ ಬದನೆ ಹಾಕಿದ್ವಿ. ಹುಳಕ್ಕೆ ಕೂತಲ್ಲೇ ಊಟ."

ಅತ್ತೆ ಮಡಿಯ ಅಂಚಿನಲ್ಲಿ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಅವರು ಅತ್ತರೆ ಸೆರಗು ಕೊಡೋಣ ಎಂದುಕೊಂಡಿದ್ದೆ. ಅಳಲಿಲ್ಲ. "ಅವರ ಹೆಸರಲ್ಲಿ ಹುಳಕ್ಕೆ ಬಡಿಸ್ತಾ ಕೂತಿದ್ದೆ ನೋಡು," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಆಗ ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅತ್ತೆ ಎದ್ದು, ಎರಡೂ ಬುಟ್ಟಿಯ ಮಣ್ಣನ್ನು ಮಡಿಗೇ ಸುರಿದರು. ಬದನೆ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಸುಟ್ಟೆವು. ಮಡಿಗೆ ನೀರು ಹನಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಬಿಸಿಲಿಗೆ ಒಳಗಿನ ಹುಳವೆಲ್ಲ ಬೆಂದುಹೋಗಲಿ ಎಂದು.

"ಗುದ್ದಲಿ ತೊಳೆದಿಡು," ಎಂದರು. ಹಾಗೆಯೇ, "ಅವಳು ನನ್ನ ಹತ್ರ ಹೇಳಕ್ಕೆ ಹೆದರಿದ್ಲಾ?"

"ನಿಮಗೆ ನೋವಾಗುತ್ತೆ ಅಂತ."

"ದಡ್ಡಿ. ನನ್ನ ಮೇಲಿನ ಅಕ್ಕರೆಗೆ ತನ್ನ ಹೊಟ್ಟೆಪಾಡು ಕಳ್ಕೋತಿದ್ಲು. ನಮ್ಮ ಹಳೇ ಟ್ರೇ ಬಿಸಿನೀರಲ್ಲಿ ಅದ್ದಿ ತೆಗಿ. ನಾರಿನ ಪುಡಿ ಹೊಸ ಚೀಲದ್ದೇ ಇರ್ಲಿ. ನಾಳೆ ಹೋಗೋಣ."

ಮಾರನೆಯ ದಿನ ಟ್ರೇ, ಚೀಲಗಳನ್ನು ಆಟೋದಿಂದ ಇಳಿಸಿಕೊಂಡವಳು ನಾನು. ಅತ್ತೆ ನಾದಿನಿಯ ಗೇಟಿನ ಹೊರಗೇ ನಿಂತುಬಿಟ್ಟಿದ್ದರು. ಚಪ್ಪಲಿ ಬಿಟ್ಟು, ಅಲ್ಲಿದ್ದ ನಲ್ಲಿಯ ಕೆಳಗೆ ಕಾಲಿಟ್ಟು, ಬೆರಳ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದರು. ನಾದಿನಿ ಓಡಿ ಬಂದಳು.

"ಅಮ್ಮಾ, ಸಾಕು, ಚರ್ಮ ಸುಲಿದು ಬರುತ್ತೆ!"

"ಇರು. ಇನ್ನೂ ಹಿಮ್ಮಡಿ ಇದೆ, ಆ ಮಣ್ಣು ಎಲ್ಲಿ ಅಂಟಿದೆಯೋ." ತಲೆ ಎತ್ತದೆ ಕೇಳಿದರು, "ಒಳಗೆ ಬರಬಹುದಾ?"

ನಾದಿನಿ ಅಲ್ಲೇ ಕೂತು, ತನ್ನ ದುಪಟ್ಟಾದಿಂದ ಅಮ್ಮನ ಪಾದಗಳನ್ನು ಒಂದೊಂದಾಗಿ ಒರೆಸಿದಳು.

"ಏಳೇ, ಎಳೇ ಮಗು ಥರ ಮಾಡ್ಬೇಡ," ಎಂದರು ಅತ್ತೆ, ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ. "ಹೊತ್ತಾಗ್ತಿದೆ, ಬೀಜ ಎಲ್ಲಿಟ್ಟಿದ್ದೀಯ?"