ಬೈಂಡರ್ ಓದಿದ ಮೊದಲ ಕಾದಂಬರಿ

ಊಟಕ್ಕೆ ಕೂತರೆ ಬಾಯಿಗೆ ಬಿಡುವು ಕೊಡದ ಮಗಳು ಇದ್ದಕ್ಕಿದ್ದಂತೆ ಸುಮ್ಮನಾದರೆ, ಮನೆಯವರು ಮೊದಲು ಅನುಮಾನಿಸುವುದು ಹೊಟ್ಟೆಯನ್ನು. ಆಮೇಲೆ ಪರೀಕ್ಷೆಯನ್ನು, ಕೊನೆಗೆ ಮೊಬೈಲನ್ನು. ಬೈಂಡರ್ ಮನೆಯಲ್ಲೂ ಹಾಗೇ ಆಯಿತು. ಅಜ್ಜಿ ಬಿಸಿನೀರು ಕುಡಿಸಿದರು. ಅಮ್ಮ ಹಣೆ ಮುಟ್ಟಿ ನೋಡಿದಳು. ಅಪ್ಪ ಮೊಬೈಲ್ ಕಸಿದು ಕಪಾಟಿನ ಮೇಲಿಟ್ಟ. ಹುಡುಗಿಯ ಮಾತು ನಿಲ್ಲಿಸಿದ್ದು ತಾನೇ ಎಂದು ಅವನಿಗೆ ಹೊಳೆಯಲೂ ಇಲ್ಲ.

ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಅವನ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಬಿಚ್ಚುತ್ತಾನೆ, ಹೆಂಡತಿ ಹೊಲಿಯುತ್ತಾಳೆ. ಹದಿನಾರು ಪುಟದ ಒಂದೊಂದು ಮಡಿಕೆಗೆ ಅವರು ಫಾರಂ ಅನ್ನುತ್ತಾರೆ. ಫಾರಂಗಳು ಹಿಂದುಮುಂದಾಗದಂತೆ ಅವನು ಒಂದರ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಓದಿ ಜೋಡಿಸುತ್ತಾನೆ. ನಡುವೆ ಏನಿದೆಯೋ ಅದು ಅವನಿಗೆ ಸಂಬಂಧಪಟ್ಟದ್ದಲ್ಲ. ಹೀಗೆ ಇಡೀ ಲೈಬ್ರರಿ ಅವನ ಕೈಯಿಂದ ಹಾದುಹೋಗಿದೆ. ಒಂದು ಪುಸ್ತಕವನ್ನೂ ಓದಿಲ್ಲ, ಆದರೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ.

ಆ ವಾರ ಬಂದದ್ದು ಹರೆಯದವರಿಗಾಗಿ ಬರೆದ ವಿಜ್ಞಾನ ಕಾದಂಬರಿ. ಕೈಯಿಂದ ಕೈಗೆ ಹೋಗಿ ಬೆನ್ನು ಬಿಟ್ಟುಕೊಂಡಿತ್ತು. ಭೂಮಿ ಬಿಟ್ಟು ಹೊರಟ ಆಕಾಶನೌಕೆಯ ಕಥೆ. ಅಪ್ಪ ಅಂಚಿನ ಸಾಲುಗಳನ್ನು ಓದುತ್ತಾ ಹೋದ. ಒಂದು ಫಾರಂನ ಕೊನೆಗೆ ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯ ಕೈ ಹಿಡಿದಿದ್ದಳು. ಮುಂದಿನ ಫಾರಂ ಶುರುವಾದರೂ ಬಿಟ್ಟಿರಲಿಲ್ಲ.

ಮಕ್ಕಳು ಕೆಡುವುದು ಇಂಥವನ್ನು ಓದಿಯೇ, ಇದನ್ನು ರದ್ದಿಗೆ ಹಾಕಿ ಅಂತ ಲೈಬ್ರರಿಗೆ ಹೇಳುತ್ತೇನೆ ಎಂದು ಅವನು ಅಂಟಿನ ಡಬ್ಬಿಯನ್ನು ನೋಡಿಕೊಂಡು ಗಟ್ಟಿಯಾಗಿ ಹೇಳಿದ. ಪಕ್ಕದಲ್ಲಿ ರಟ್ಟಿಗೆ ಬಟ್ಟೆ ಅಂಟಿಸುತ್ತಿದ್ದ ಮಗಳ ಕೈ ನಿಂತಿತು. ಕಾಲೇಜಿಗೆ ಹೋಗುವ ಹುಡುಗಿ. ಆ ಪುಸ್ತಕದ ಬೆನ್ನು ಸಡಿಲವಾದದ್ದರಲ್ಲಿ ಅವಳ ಪಾಲೂ ಇತ್ತು. ಭಾನುವಾರ ಲೈಬ್ರರಿಯ ಓದುಗರ ಕೂಟಕ್ಕೆ ಅಪ್ಪ ಅಮ್ಮನನ್ನು ಕರೆದೊಯ್ದು, ಅವರೆದುರು ಈ ಕಾದಂಬರಿಯ ಬಗ್ಗೆ ಮಾತಾಡಿ, ವಾಪಸು ಬರುವಾಗ ತನ್ನದೊಂದು ಮಾತನ್ನೂ ಹೇಳಿಬಿಡಬೇಕು ಎಂದುಕೊಂಡಿದ್ದಳು. ತನ್ನ ಮನಸ್ಸೂ ಹುಡುಗಿಯರ ಕಡೆಗೇ ವಾಲುತ್ತದೆ ಎಂಬುದೇ ಆ ಮಾತು. ಅವಳು ಬ್ರಷ್ ತೊಳೆದಿಟ್ಟು ಒಳಗೆ ಹೋದಳು. ಮಾತು ನಿಂತದ್ದು ಆಗ.

ಮರುದಿನ ಲೈಬ್ರರಿ ಮೇಡಂ ಬೇರೆ ಪುಸ್ತಕಗಳ ಕಟ್ಟು ತಂದರು. ಅಪ್ಪ ತಕರಾರು ಶುರುಮಾಡಿದ. ಅವರು ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

“ಓದಿದ್ರಾ?”

“ನೋಡಿದೆ.”

“ನೋಡಿದ್ದು ಗೊತ್ತಾಯ್ತು. ಓದಿದ್ರಾ?”

ಅಪ್ಪ ಕತ್ತರಿ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ತಕರಾರು ಮಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಪುಸ್ತಕವನ್ನು ಕೊನೆಯವರೆಗೆ ಓದಿದವರು ಮಾತ್ರ ಮಾಡಬಹುದು, ಅದು ನಮ್ಮ ನಿಯಮ ಎಂದರು ಮೇಡಂ. ಎದ್ದು ಹೊರಡುವಾಗ ದನಿ ತಗ್ಗಿಸಿದರು. “ಹುಡುಗಿಗೆ ಹುಡುಗಿ ಇಷ್ಟ ಆಗೋದು ಕಾಯಿಲೆ ಅಲ್ಲಣ್ಣ. ಪುಸ್ತಕ ಓದಿದ್ರೆ ಬರೋದೂ ಅಲ್ಲ, ಸುಟ್ಟಾಕಿದ್ರೆ ಹೋಗೋದೂ ಅಲ್ಲ. ಹಾಗಿರೋ ಮಕ್ಕಳಿಗೆ ತಮ್ಮಂಥೋರು ಇನ್ನೂ ಇದಾರೆ ಅಂತ ಈ ಪುಸ್ತಕದಿಂದ ಗೊತ್ತಾಗುತ್ತೆ. ಅದು ಗೊತ್ತಿಲ್ಲದೆ ಒಳಗೊಳಗೇ ಸವೆಯೋ ಮಕ್ಕಳನ್ನ ನಾನು ನೋಡಿದೀನಿ.”

ತಕರಾರು ಮಾಡಲೇಬೇಕೆಂಬ ಹಟಕ್ಕೆ ಅಪ್ಪ ಓದಲು ಕೂತ. ಪುಸ್ತಕ ಬಿಡಿಬಿಡಿಯಾಗಿಯೇ ಇದ್ದುದರಿಂದ ಇಡೀ ಮನೆ ಒಟ್ಟಿಗೆ ಓದಬಹುದಿತ್ತು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣದು. ತನ್ನ ಮಾತು ನಿಲ್ಲಿಸಿದ್ದ ಮಗಳು ಪುಸ್ತಕದ ಮಾತನ್ನು ಅವರಿಗೆ ಮುಂದೆಮುಂದೆ ಓದಿ ಹೇಳುತ್ತಿದ್ದಳು. ಅವಳು ಮುಗಿಸಿದ ಫಾರಂ ಅಪ್ಪನಿಗೆ, ಅವನಿಂದ ಅಮ್ಮನಿಗೆ. ನೌಕೆಯಲ್ಲಿ ಯಾರು ಯಾರ ಜೊತೆ ಬಾಳಬೇಕೆಂದು ಯಂತ್ರವೇ ಆರಿಸುತ್ತದೆ. ನೀರು ಶುದ್ಧ ಮಾಡುವ ಹುಡುಗಿ, ಎಂಜಿನ್ ರಿಪೇರಿಯ ಹುಡುಗಿ, ಇಬ್ಬರೂ ಯಂತ್ರ ಹೇಳಿದ್ದನ್ನು ಒಪ್ಪುವುದಿಲ್ಲ.

ಅಜ್ಜಿಗೆ ಬೇರೆಯೇ ಚಿಂತೆ. ಅಷ್ಟು ಜನ ಇರುವ ಹಡಗಿನಲ್ಲಿ ಬಟ್ಟೆ ಒಗೆಯುವವರು ಯಾರು ಎಂದು ಪದೇ ಪದೇ ಕೇಳಿದರು. ಹುಡುಗಿಯರ ಬಗ್ಗೆ ಅವರ ತೀರ್ಪು ಬೇಗ ಬಂತು: “ಇಬ್ರೂ ದುಡಿಯೋರು. ಹೊಂದ್ಕೊಂಡು ಹೋಗ್ತಾರೆ ಬಿಡು.”

ಒಂದು ಮಧ್ಯಾಹ್ನ ಅಮ್ಮ ಸೂಜಿ ಹಿಡಿದು ಓದುತ್ತಾ ಕೂತಿದ್ದಳು. ಮಗಳು ಎದುರಿಗಿದ್ದಳು.

“ಈ ಹುಡುಗಿ ಅವಳಮ್ಮಂಗೆ ಯಾಕೆ ಹೇಳ್ತಿಲ್ಲ?”

“ಹೆದರಿಕೆ.”

“ಹೇಳಿದ್ರೆ ಅವಳಮ್ಮ ಏನಂತಾಳೆ?”

“ಗೊತ್ತಿಲ್ಲಮ್ಮ.”

“ಅಜ್ಜಿಗೆ ಪುಟ ನೋಡ್ದೇನೇ ಓದಿ ಹೇಳ್ತೀಯ. ಇದೊಂದು ಗೊತ್ತಿಲ್ವಾ?”

ಮಗಳು ಕೈಯಲ್ಲಿದ್ದ ಫಾರಂನ ಮಡಿಕೆಯನ್ನು ಉಗುರಿನಿಂದ ತೀಡತೊಡಗಿದಳು. ಅಮ್ಮ ಸೂಜಿ ದಾರ ಎರಡನ್ನೂ ಅವಳ ಕಡೆ ಚಾಚಿದಳು. “ಏನೂ ಅನ್ನಲ್ಲ ಕಣೆ. ಇದನ್ನ ಪೋಣಿಸಿಕೊಡು. ನಂಗೆ ಕಣ್ಣು ಮಂಜಾಗಿದೆ.”

ಶನಿವಾರ ಅಪ್ಪ ಓದಿ ಮುಗಿಸಿದ. ಅಮ್ಮ ಹೊಲಿದಳು. ಬೆನ್ನಿಗೆ ಅಂಟು ಹಚ್ಚಿ ಪ್ರೆಸ್ಸಿನಲ್ಲಿ ಬಿಗಿದದ್ದೂ ಆಯಿತು. ಆದರೂ ಅವನ ಗೊಣಗಾಟ ನಿಲ್ಲಲಿಲ್ಲ. ನೌಕೆಯಲ್ಲಿ ಪಂಚಾಯಿತಿ ಕೂತಿದೆ, ಎಂಜಿನ್ ಹುಡುಗಿ ಎದುರಿಗೆ ಒಂಟಿಯಾಗಿ ನಿಂತಿದ್ದಾಳೆ, ಅವಳಪ್ಪ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ. ಹೀಗೂ ಕಥೆ ಮುಗಿಸುತ್ತಾರೆಯೇ? ಈಗಿನವು ಹೀಗೇ ಇರಬೇಕು ಎಂದಳು ಅಮ್ಮ.

“ಮುಗಿದಿಲ್ಲಪ್ಪ,” ಅಂದಳು ಮಗಳು. ಅಷ್ಟು ದಿನಗಳ ಮೇಲೆ ಅವಳು ಅಪ್ಪನೊಡನೆ ಆಡಿದ ಮೊದಲ ಮಾತು ಅದು. “ಇನ್ನೊಂದು ಫಾರಂ ಅಜ್ಜಿ ದಿಂಬಿನ ಕೆಳಗಿದೆ.”

ಅಜ್ಜಿಗೆ ಅದನ್ನು ಇನ್ನೊಮ್ಮೆ ಕೇಳಬೇಕಿತ್ತಂತೆ. ಅಪ್ಪನ ಲೆಕ್ಕಾಚಾರದಲ್ಲಿ ಇಂಥ ತಪ್ಪು ಸಿಕ್ಕುವಂತೆಯೇ ಇರಲಿಲ್ಲ. ಕೊನೆಯ ಫಾರಂ ಕಳೆದರೆ ಜೋಡಿಸಿ ನೋಡಲು ಮುಂದೆ ಸಾಲೇ ಇರುವುದಿಲ್ಲ. ಅವನು ಪ್ರೆಸ್ಸಿನ ಹಿಡಿ ತಿರುಗಿಸಿದ. ತಾನೇ ಕಟ್ಟಿದ ಪುಸ್ತಕದ ದಾರವನ್ನು ಕತ್ತರಿಸಿದ. ದಿಂಬಿನ ಕೆಳಗಿನ ಫಾರಂ ತಂದು ಬಾಗಿಲ ಬೆಳಕಿನಲ್ಲಿ ನಿಂತೇ ಓದಿದ. ಅದರಲ್ಲಿ ಆ ಅಪ್ಪ ಎದ್ದು ನಿಲ್ಲುತ್ತಾನೆ. “ಇವಳು ನನ್ನ ಮಗಳು. ಇವಳ ಪಕ್ಕ ಯಾರಿರಬೇಕು ಅಂತ ಇವಳೇ ಹೇಳ್ತಾಳೆ” ಎನ್ನುತ್ತಾನೆ.

ಭಾನುವಾರ ಕೂಟದಲ್ಲಿ ಮೇಡಂ ಬೈಂಡರ್ ಅವರ ತಕರಾರು ಏನೆಂದು ಕೇಳಿದರು. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡು ಎದ್ದ. ಕಾಗದ ಕಳಪೆ, ಒಳಅಂಚು ಬಿಟ್ಟಿಲ್ಲ, ಹೊಲಿಗೆ ಅಕ್ಷರಗಳನ್ನು ನುಂಗುತ್ತದೆ ಎಂದ. ಬಟ್ಟೆ ಒಗೆಯುವವರ ಬಗ್ಗೆ ತಾಯಿ ಹೇಳಿಕಳಿಸಿದ್ದನ್ನೂ ತಿಳಿಸಿದ. ಜನ ನಕ್ಕರು. ಅವನು ನಗಲಿಲ್ಲ.

“ಆ ಹುಡುಗಿಯರಿಬ್ಬರ ಮೇಲೆ ನಂದೇನೂ ತಕರಾರಿಲ್ಲ. ತಕರಾರಿರೋದು ಆ ಅಪ್ಪನ ಮೇಲೆ. ಹೇಳ್ಬೇಕಾದ್ದನ್ನ ಕೊನೇ ಫಾರಂವರೆಗೂ ಇಟ್ಕೊಂಡಿದ್ದ. ಅಲ್ಲೀವರೆಗೂ ಆ ಮಗು ಒಂದೇ ನಿಂತಿತ್ತು.”

ಆಮೇಲೆ ಮಗಳೂ ಎದ್ದು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು.

ವಾಪಸು ಬರುವಾಗ ಅಮ್ಮ ಬೇಕೆಂದೇ ನಾಲ್ಕು ಹೆಜ್ಜೆ ಹಿಂದುಳಿದಳು.

“ಅಪ್ಪಾ, ನಾನೂ ಆ ಹುಡುಗಿ ಥರಾನೇ.”

ಅಪ್ಪ ಅವಳ ಹೆಗಲಿನ ಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. “ಗೊತ್ತಾಯ್ತು ಮಗಳೇ. ತಡ ಆಯ್ತಾ ನಂದು?”

“ಸ್ವಲ್ಪ.”

“ಸರಿ. ರಸ್ತೆ ನೋಡ್ಕೊಂಡು ನಡಿ.”

ಓದುಗರೇ, ನಿಮ್ಮ ಮನೆಯಲ್ಲೂ ಮಾತಾಡುವ ಮಗುವೊಂದು ಸುಮ್ಮನಾಗಿದ್ದರೆ ಅದರ ಹಣೆ ಮುಟ್ಟಿ ನೋಡಿ, ಬೇಡವೆನ್ನುವುದಿಲ್ಲ. ಜೊತೆಗೆ ಅದು ಓದುತ್ತಿರುವ ಪುಸ್ತಕವನ್ನೂ ಕೇಳಿ ಪಡೆಯಿರಿ. ಅಂಚಿನ ಸಾಲು ನೋಡಿ ತೀರ್ಪು ಕೊಡಬೇಡಿ, ಪೂರ್ತಿ ಓದಿ. ಆದರೆ ‘ನೀನು ಹೇಗಿದ್ದರೂ ನಮ್ಮ ಮಗು’ ಎಂದು ಹೇಳುವುದಕ್ಕೆ ಪುಸ್ತಕ ಮುಗಿಯುವವರೆಗೂ ಕಾಯಬೇಕಿಲ್ಲ. ಅದನ್ನು ಇವತ್ತೇ ಹೇಳಿ.