ಅಪ್ಪನ ಹೆಸರಿನ ಜಾಗ

"ಇಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಅಂತ ಬರಿ ಅಕ್ಕಾ. ಕೆಳಗೆ ಸೋದರಮಾವನ ಹೆಸರು. ಅಷ್ಟೇ, ಮುಗೀತು," ಎಂದು ಜುಫಾನ್ ಪೆನ್ನನ್ನು ಅಬ್ರೆಹೆತಳ ಮುಂದೆ ತಳ್ಳಿದಳು. ಅವಳ ಇನ್ನೊಂದು ಕೈ ಇದ್ದಿಲ ಒಲೆಯ ಮೇಲೆ ಕಾಫಿಬೀಜ ಹುರಿಯುತ್ತಲೇ ಇತ್ತು. ಕೈರೋದ ಈ ಐದನೇ ಮಹಡಿಯ ಕೋಣೆಯಲ್ಲಿ ಇಬ್ಬರೂ ಆರು ವರ್ಷದಿಂದ ಒಟ್ಟಿಗಿದ್ದರು. ಜುಫಾನಳ ಹತ್ತಿರ ನಿರಾಶ್ರಿತಳೆಂಬ ಕಾರ್ಡು ಇತ್ತು. ಅಬ್ರೆಹೆತಳ ಹತ್ತಿರ ಇದ್ದದ್ದು ಆಶ್ರಯ ಇಲ್ಲವೆಂದ ಎರಡು ಪತ್ರಗಳು.

ಆಶ್ರಯ ಇಲ್ಲ, ಸರಿ. ಆದರೆ ಹೊರಗೆ ಹಾಕುವುದಾದರೂ ಎಲ್ಲಿಗೆ? ಹುಟ್ಟಿದ್ದು ಅಡಿಸ್ ಅಬಾಬಾದಲ್ಲಿ, ತಾಯಿ ಅಲ್ಲಿಯವಳು. ತಂದೆ ಎರಿಟ್ರಿಯಾದವನು. ತಾಯಿಯ ದೇಶದ ರಾಯಭಾರಿಗಳು ಅಪ್ಪನ ದೇಶಕ್ಕೆ ಕಳಿಸಿ ಎಂದರು, ಅಪ್ಪನ ದೇಶದವರು ಹುಟ್ಟಿದ ಊರಿಗೆ ಕಳಿಸಿ ಎಂದರು. ಇಲ್ಲಿನ ಪೊಲೀಸರು ನಾಲ್ಕು ತಿಂಗಳು ಲಾಕಪ್ಪಿನಲ್ಲಿಟ್ಟುಕೊಂಡು, ಕೊನೆಗೆ ತಿಂಗಳಿಗೊಮ್ಮೆ ಬಂದು ರುಜು ಹಾಕು ಎಂದು ಬಿಟ್ಟರು. ಅಂದಿನಿಂದ ಹೋದ ಪುಟ್ಟ, ಬಂದ ಪುಟ್ಟ.

ಕೆಟ್ಟದ್ದೆಲ್ಲ ಒಂದು ಇಸವಿಯಿಂದ. ನಿಮ್ಮನ್ನು ಅಡಿಸ್‌ನಿಂದ ಓಡಿಸಿದ್ದು ಯಾವಾಗ ಎಂದು ವಿಚಾರಣೆಯಲ್ಲಿ ಕೇಳಿದಾಗ ಅವಳ ಬಾಯಿಗೆ ಬಂದದ್ದು ಅಮ್ಮನ ಮನೆಯ ಪಂಚಾಂಗ: "ತೊಂಬತ್ತರಲ್ಲಿ." ಆ ಪಂಚಾಂಗ ಲೋಕದ ಲೆಕ್ಕಕ್ಕಿಂತ ಎಂಟು ವರ್ಷ ಹಿಂದೆ. ಬರೆದುಕೊಂಡವನು ೧೯೯೦ ಎಂದೇ ಬರೆದುಕೊಂಡ. ಆಗ ಎರಡು ದೇಶಗಳ ನಡುವೆ ಯುದ್ಧವೇ ಇರಲಿಲ್ಲ, ಹಾಗಾಗಿ ಇದು ಸುಳ್ಳು ಎಂದು ಷರಾ ಬಿತ್ತು. ಮೇಲ್ಮನವಿಯಲ್ಲಿ ತೊಂಬತ್ತೆಂಟು ಎಂದು ತಿದ್ದಿದಳು. ಹೇಳಿಕೆ ಬದಲಿಸುತ್ತಾಳೆ ಎಂದು ಇನ್ನೊಂದು ಷರಾ.

ರುಜು ಹಾಕಿಸಿಕೊಳ್ಳುವ ಶವ್ಕಿಯೇ ಹೋದ ತಿಂಗಳು ಈ ಅರ್ಜಿ ಕೊಟ್ಟಿದ್ದ. ಅಪ್ಪನೇ ಇಲ್ಲದಿದ್ದರೆ ತಕರಾರೂ ಇಲ್ಲ, ತಾಯಿಯ ಮಗಳೆಂದು ಅಡಿಸ್‌ಗೆ ಹೋಗು ಎಂದಿದ್ದ. ಅಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದ್ದಳು: "ಬರೆದುಬಿಡೇ ಮಗಳೇ. ಸತ್ತವರು ಕಾಗದ ಓದ್ತಾರಾ? ನಿನ್ ಮುಖ ನೋಡಿ ಇಪ್ಪತ್ತೇಳು ವರ್ಷ ಆಯ್ತು."

ಅಬ್ರೆಹೆತ್ ಬರೆದಳು. ಗೊತ್ತಿಲ್ಲ. ದುಃಖವಾಗಬಹುದೆಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಎರಡು ಸುತ್ತು ಕಾಫಿ ಕುಡಿದು ಎದ್ದಳು.

"ಮೂರನೇ ಸುತ್ತು ಬರಕತ್ತಿಂದು ಕಣಕ್ಕಾ. ಕುಡೀದೆ ಯಾರಾದ್ರೂ ಹೋಗ್ತಾರಾ?"

"ಬಂದು ಕುಡೀತೀನಿ. ಇಟ್ಟಿರು."

ಕಚೇರಿಯ ಅಂಗಳ ತುಂಬಿಹೋಗಿತ್ತು. ಶವ್ಕಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಪಟ್ಟಿ ಹಿಡಿದು ಕೂಗುತ್ತಿದ್ದ.

"ಅಬ್ರೆಹೆತ್ ಕಿಫ್ಲೋಮ್!"

ಅವಳ ಹೆಸರಿನ ಬೆನ್ನಿಗೇ ಅಪ್ಪನ ಹೆಸರು. ಗಡೀಪಾರಿನ ಆ ದಿನವೂ ಹೀಗೇ ಪಟ್ಟಿ ಓದಿದ್ದರು. ಅಡಿಸ್‌ನ ಠಾಣೆಯ ಅಂಗಳ, ಹೊರಗೆ ಬಸ್ಸು. ಹದಿಮೂರರ ಅಬ್ರೆಹೆತ್ ಅಪ್ಪನ ಕೋಟಿನ ತುದಿ ಹಿಡಿದಿದ್ದಳು. ಅಪ್ಪನ ಹತ್ತಿರ ಓದಿದ ಪೊಲೀಸನೊಬ್ಬ ಪಕ್ಕದಲ್ಲೇ ಹಾದುಹೋಗುತ್ತ, "ಕರೆದಾಗ ಸುಮ್ನಿದ್ಬಿಡಿ ಮೇಷ್ಟ್ರೇ, ಹಿಂದಿನ ಬಾಗಿಲಿಂದ ಬಿಡ್ತೀನಿ," ಎಂದು ಗೊಣಗಿದ್ದ. ಹೆಸರು ಕರೆದರು. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ ಹಾಗೆಯೇ ಅಪ್ಪ ಗಟ್ಟಿಯಾಗಿ ಹೇಳಿದ್ದ: "ಇದ್ದೀನಿ." ಅಮ್ಮ ಅಲ್ಲೇ ಉಳಿದಳು. ಅಪ್ಪ ಗಡಿಯಾಚೆಯ ಅಸ್ಮಾರಾದಲ್ಲಿ ಎರಡು ವರ್ಷವೂ ಬದುಕಲಿಲ್ಲ. ಆ ಒಂದು ಮಾತಿಗಾಗಿ ಅವಳಿಗೆ ಅಪ್ಪನ ಮೇಲೆ ಇವತ್ತಿಗೂ ಸಿಟ್ಟಿತ್ತು.

"ಕಿಫ್ಲೋಮ್! ಇದ್ದಾಳೋ ಇಲ್ವೋ?"

"ಇದ್ದೀನಿ," ಎಂದಳು. ಎಷ್ಟು ಜೋರಾಗಿ ಎಂದರೆ ಪಕ್ಕದವರು ತಿರುಗಿ ನೋಡಿದರು.

"ಅಯ್ಯೋ, ನಂಗೇನು ಕಿವುಡೇನಮ್ಮಾ?" ಶವ್ಕಿ ನಕ್ಕ. "ತವರಿಗೂ ಬೇಡ, ಗಂಡನ ಮನೆಗೂ ಬೇಡ ಅನ್ನಿಸ್ಕೊಂಡೋಳಿಗೆ ಗಂಟಲು ಮಾತ್ರ ಏನು ಜೋರು! ಎಲ್ಲಿ, ಅರ್ಜಿ ಕೊಡು."

ಅವಳ ಕೈ ಚೀಲದೊಳಗೇ ಇತ್ತು. ಬೆರಳಿಗೆ ಕಾಗದ ತಾಗುತ್ತಿತ್ತು.

"ಮರೆತು ಬಂದೆ ಉಸ್ತಾದರೇ."

ಶವ್ಕಿ ನಗು ನಿಲ್ಲಿಸಿದ. "ನೋಡಮ್ಮಾ, ಮುಂದಿನ ತಿಂಗಳು ನಾನಿರಲ್ಲ, ವರ್ಗ ಆಗಿದೆ. ಬರೋ ಹೊಸಬ ಇಂಥದ್ದಕ್ಕೆಲ್ಲ ಕೈ ಹಾಕಲ್ಲ. ಹೋಗಿ ತಗೊಂಬಾ, ಎರಡು ಗಂಟೆವರೆಗೂ ಇರ್ತೀನಿ."

"ಹೂಂ," ಎಂದು ರುಜು ಹಾಕಿದಳು. ಹಿಂದಿನವನು ಮುಂದೆ ಬಂದ.

ಮನೆಗೆ ಬಂದಾಗ ಒಂದು ಗಂಟೆ. ಜುಫಾನ್ ಜೆಬೆನಾ ಹೂಜಿಯಲ್ಲಿದ್ದ ಕಾಫಿ ಗಷ್ಟಿಗೆ ಮತ್ತೆ ನೀರು ಹೊಯ್ದು ಒಲೆಯ ಮೇಲಿಟ್ಟಳು. ಇದ್ದಿಲು ಬೂದಿ ಕಟ್ಟಿತ್ತು.

"ಕೊಟ್ಯಾ ಅಕ್ಕಾ?"

ಅಬ್ರೆಹೆತ್ ಒಲೆಯ ಮುಂದೆ ಕೂತಳು. ಚೀಲದಿಂದ ಅರ್ಜಿ ತೆಗೆದು ನಾಲ್ಕು ಮಡಿಕೆ ಮಾಡಿ ಇದ್ದಿಲಿಗೆ ಬೀಸತೊಡಗಿದಳು. ಜುಫಾನ್ ನೋಡಿದಳು, ಲೋಟಗಳನ್ನು ಮುಂದಿಟ್ಟಳು. ಅಮ್ಮನ ಫೋನು ಎರಡು ಸಲ ಬಡಿದುಕೊಂಡು ನಿಂತಿತು. ಕಾಗದ ದಪ್ಪಗಿತ್ತು, ಗಾಳಿ ಚೆನ್ನಾಗಿ ಬರುತ್ತಿತ್ತು.